ಸ್ವಂತ ದುಡ್ಡಿನ ಸಾಫ್ಟ್‌ವೇರ್ ಕಂಪನಿ: ಸಿಎ ಮೇಡಂಗೆ ಕೇಳಿ

ಅಡ್ಮಿನ್: ಹೂಡಿಕೆದಾರರಿಲ್ಲದೆ ಸ್ವಂತ ದುಡ್ಡಲ್ಲಿ ಸಾಫ್ಟ್‌ವೇರ್ ಮಾಡಿ ಮಾರುವವರ ಪ್ರಶ್ನೆಗಳಿಗೆ ಇವತ್ತು ಸಿಎ ಮೇಡಂ ಉತ್ತರ ಕೊಡುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಕೇಳುವ ಮೊದಲು ಮೇಲಿನದನ್ನು ಓದಿ.

ಮೈಸೂರು ಫ್ರೀಲಾನ್ಸರ್: ನಮಸ್ತೆ ಮೇಡಂ. ನನ್ನ ಗಿರಾಕಿಗಳೆಲ್ಲ ಅಮೆರಿಕದವರು. ವರ್ಷಕ್ಕೆ 14 ಲಕ್ಷ ಬರುತ್ತೆ. ಜಿಎಸ್‌ಟಿ ನಂಬರ್ ಬೇಕಾ?

ಸಿಎ ಮೇಡಂ: ನಮಸ್ತೆ. ಸೇವೆಗೆ ಮಿತಿ 20 ಲಕ್ಷ. ಅದರೊಳಗೆ ಇದ್ದೀರಿ, ಈಗ ಬೇಡ. ದಾಟಿದರೆ ಕಡ್ಡಾಯ, ರಫ್ತಾದರೂ ಅಷ್ಟೇ. ರಫ್ತಿಗೆ ತೆರಿಗೆ ಸೊನ್ನೆ, ಆದರೆ ಪ್ರತಿ ಹಣಕಾಸು ವರ್ಷಕ್ಕೂ ಎಲ್‌ಯುಟಿ (ತೆರಿಗೆ ಕಟ್ಟದೆ ರಫ್ತು ಮಾಡಲು ಕೊಡುವ ಮುಚ್ಚಳಿಕೆ ಪತ್ರ) ಹಾಕಬೇಕು. ದುಡ್ಡು ಹೊರದೇಶದಿಂದ ಬಂದಿದ್ದಕ್ಕೆ ಬ್ಯಾಂಕ್ ಕೊಡುವ ಕಾಗದ ಜೋಪಾನ.

ದಾವಣಗೆರೆ: ಮೇಡಂ, ಅಡಿಕೆ ಮಂಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿದ್ದೇನೆ. ಶಿವಮೊಗ್ಗ, ಚನ್ನಗಿರಿ ಕಡೆ 20 ಮಂಡಿ. ಒಬ್ಬೊಬ್ಬರಿಂದ ವರ್ಷಕ್ಕೆ 30,000, ಜಿಎಸ್‌ಟಿ ನಂಬರ್ ಮಾಡಿಸಿದ್ದರಿಂದ ಜೊತೆಗೆ ಜಿಎಸ್‌ಟಿ 5,400. ಏಪ್ರಿಲ್‌ನಿಂದ ಜೂನ್ ಒಳಗೆ ಎಲ್ಲರ ಹಣ ಬಂತು, ಒಟ್ಟು 7,08,000. ಅದೇ ಧೈರ್ಯದಲ್ಲಿ ಇಬ್ಬರು ಹುಡುಗರನ್ನು ತಗೊಂಡೆ. ತಲಾ 18 ಸಾವಿರ. ಲ್ಯಾಪ್‌ಟಾಪ್, ಆಫೀಸಿನ ಅಡ್ವಾನ್ಸ್, ಹಳೇ ಕೈಸಾಲ ಅಂತ ಹೋಗಿ ಖಾತೆಯಲ್ಲಿ ಈಗ 90 ಸಾವಿರ ಇದೆ. ಏಪ್ರಿಲ್, ಮೇ, ಜೂನ್ 3ಬಿ, ಅಂದ್ರೆ ತಿಂಗಳ ಜಿಎಸ್‌ಟಿ ಕಟ್ಟುವ ರಿಟರ್ನ್, ಹಾಕಿಲ್ಲ. ಈಗ ಒಬ್ಬ ಗಿರಾಕಿ ನಿಮ್ಮ ಬಿಲ್ ನಮ್ಮ 2ಬಿಯಲ್ಲಿ (ಪೋರ್ಟಲ್ ತೋರಿಸುವ ಖರೀದಿ ಬಿಲ್‌ಗಳ ಪಟ್ಟಿ) ಕಾಣಿಸ್ತಿಲ್ಲ ಅಂತ ಜಗಳ ತೆಗೆದಿದ್ದಾರೆ. ದಂಡ ಎಷ್ಟಾಗುತ್ತೆ?

ಹುಬ್ಬಳ್ಳಿ: ಮೇಡಂ, ಸ್ಟಾರ್ಟಪ್ ಸರ್ಟಿಫಿಕೇಟ್ ತಗೊಂಡ್ರೆ 3 ವರ್ಷ ತೆರಿಗೆನೇ ಇಲ್ಲ ಅಂತ ಮೆಸೇಜ್ ಬಂದೈತ್ರಿ. ಖರೇನಾ?

ಸಿಎ ಮೇಡಂ: ಹುಬ್ಬಳ್ಳಿಯವರೇ, ಸರ್ಟಿಫಿಕೇಟ್ ಒಂದರಿಂದ ಆಗಲ್ಲ. ಆದಾಯ ತೆರಿಗೆ ವಿನಾಯಿತಿಗೆ ಕೇಂದ್ರದ ಅಂತರ-ಸಚಿವಾಲಯ ಮಂಡಳಿಯ ಒಪ್ಪಿಗೆ ಬೇರೆಯೇ ಬೇಕು. ಅದೂ ಕಂಪನಿ ಅಥವಾ ಎಲ್‌ಎಲ್‌ಪಿಗೆ (ಸೀಮಿತ ಹೊಣೆಯ ಪಾಲುದಾರಿಕೆ) ಮಾತ್ರ. ಜಿಎಸ್‌ಟಿಗೂ ಇದಕ್ಕೂ ಸಂಬಂಧವೇ ಇಲ್ಲ.

ದಾವಣಗೆರೆಯವರೇ, ನೀವು ದಂಡ ಕೇಳಿದಿರಿ. ಅದು ನೀವು ಹೆದರಿದಷ್ಟು ಇಲ್ಲ. ತಡವಾದ ಪ್ರತಿ ದಿನಕ್ಕೆ 50 ರೂಪಾಯಿ. ಹಿಂದಿನ ವರ್ಷದ ವಹಿವಾಟು ಒಂದೂವರೆ ಕೋಟಿ ದಾಟದವರಿಗೆ ಒಂದು ರಿಟರ್ನ್‌ಗೆ 2,000ಕ್ಕೆ ನಿಲ್ಲುತ್ತೆ. ನಗದಾಗಿ ಕಟ್ಟುವ ತೆರಿಗೆಗೆ ಬಡ್ಡಿ ವರ್ಷಕ್ಕೆ 18%. ಲಕ್ಷ ರೂಪಾಯಿಗೆ ತಿಂಗಳಿಗೆ 1,500.

ಗಿರಾಕಿಯ ಜಗಳಕ್ಕೆ ಕಾರಣ ಇದು. ಹಿಂದಿನ ತಿಂಗಳ 3ಬಿ ಬಾಕಿ ಇದ್ದರೆ ಪೋರ್ಟಲ್ ಮುಂದಿನ ತಿಂಗಳ ಜಿಎಸ್‌ಟಿಆರ್-1, ಅಂದರೆ ನೀವು ಕೊಟ್ಟ ಬಿಲ್‌ಗಳ ವಿವರ, ಹಾಕಲು ಬಿಡಲ್ಲ. ಅದು ಹೋಗದಿದ್ದರೆ ಮಂಡಿಯವರಿಗೆ ಬಿಲ್ ಕಾಣಲ್ಲ, 5,400 ಕ್ರೆಡಿಟ್, ಅಂದರೆ ತಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ, ಸಿಗಲ್ಲ. ಅಡಿಕೆ ವ್ಯಾಪಾರಿ 54 ರೂಪಾಯಿ ಬಿಡದವರು, 5,400 ಬಿಡ್ತಾರಾ? ಆರು ತಿಂಗಳು ಸತತ ಬಾಕಿ ಬಿದ್ದರೆ ನೋಂದಣಿ ರದ್ದಿಗೆ ನೋಟಿಸ್ ಬರುತ್ತೆ.

ನನಗೆ ಚಿಂತೆ ಬೇರೆ ಕಡೆ ಇದೆ. 7,08,000ದಲ್ಲಿ 1,08,000 ಯಾವತ್ತೂ ನಿಮ್ಮದಲ್ಲ. ಉಳಿದ 6 ಲಕ್ಷವೂ ಈ ತಿಂಗಳ ಆದಾಯವಲ್ಲ. ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ 50,000. ಸಂಬಳಕ್ಕೇ 36,000. ಸರ್ವರ್, ಬಾಡಿಗೆ ಕಳೆದರೆ ನಿಮ್ಮ ಮನೆ ಖರ್ಚಿಗೆ ಏನು ಉಳಿಯುತ್ತೆ? ಮುಂದಿನ ಏಪ್ರಿಲ್‌ವರೆಗೆ ಈ ಇಪ್ಪತ್ತು ಜನರಿಂದ ಒಂದು ರೂಪಾಯಿ ಬರಲ್ಲ. ಆದರೆ ಫೋನ್ ಮಾತ್ರ ದಿನಾ ಬರುತ್ತೆ, ನೀವು ಎತ್ತಲೇಬೇಕು.

ಹುಡುಗರಿಗೆ ಸಂಬಳ ತಪ್ಪುವ ಮೊದಲೇ ಪರಿಸ್ಥಿತಿ ಹೇಳಿ. ಹೊಸ ಗಿರಾಕಿಗೆ ಹಳೇ ಲೆಕ್ಕ ತುಂಬಿಕೊಡುವ ಕೆಲಸ, ಗುಮಾಸ್ತರಿಗೆ ತರಬೇತಿ ಪುಕ್ಕಟೆ ಮಾಡುತ್ತಿದ್ದರೆ ಇವತ್ತೇ ನಿಲ್ಲಿಸಿ, ಬೇರೆ ದರ ಹಾಕಿ. ಹೊಸಬರಿಗೆ ಮೂರು ತಿಂಗಳಿಗೊಮ್ಮೆ ಹಣ ಕಟ್ಟುವ ಹಾಗೆ ಮಾಡಿ. ಇನ್ನೊಂದು ಖಾತೆ ತೆರೆದು, ದುಡ್ಡು ಬಂದ ದಿನವೇ ಜಿಎಸ್‌ಟಿ ಪಾಲು ಅಲ್ಲಿಗೆ ಹಾಕಿ. 3ಬಿ ಕಟ್ಟಲು ಕಡಿಮೆ ಬಿದ್ದರೆ ಬ್ಯಾಂಕಿನಲ್ಲಿ ಒಡವೆ ಇಡಿ, ಮೀಟರ್ ಬಡ್ಡಿಯವರ ಹತ್ತಿರ ಮಾತ್ರ ಹೋಗಬೇಡಿ. ಲ್ಯಾಪ್‌ಟಾಪ್ ಬಿಲ್‌ನಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಇದೆಯಾ ನೋಡಿ ಹೇಳಿ, ಇದ್ದರೆ ನಿಮಗೂ ಕ್ರೆಡಿಟ್ ಸಿಗಬಹುದು.

ಜಯನಗರ: ಇದಕ್ಕೇ ನಾನು ಹೇಳೋದು, ಫಂಡಿಂಗ್ ಇಲ್ಲದೆ ಕಂಪನಿ ನಡೆಸೋದು ಹುಚ್ಚು.

ಹುಬ್ಬಳ್ಳಿ: ಷೇರು ಬ್ರೋಕರ್ ಕಂಪನಿ ಜೆರೋಧಾ ಬೆಂಗಳೂರಾಗೇ ಐತಲ್ರಿ. 2010ರಿಂದ ಹೊರಗಿನ ಹೂಡಿಕೆ ತಗೊಂಡಿಲ್ಲ.

ಜಯನಗರ: ಜೆರೋಧಾ ಎಲ್ಲಿ, ಅಡಿಕೆ ಮಂಡಿ ಎಲ್ಲಿ!

ಶಿರಸಿ: ಮಂಡಿ ಅಂದ್ರೆ ಅಷ್ಟು ಹಗುರಾನಾ? ಅಲ್ಲಿ ಒಂದು ದಿನ ಕೈ ಬದಲಾಗುವ ದುಡ್ಡು ನೋಡಿದ್ದೀರಾ? ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ 1986ರಲ್ಲಿ ಬೆಂಗಳೂರಲ್ಲಿ ಶುರುವಾಗಿದ್ದೇ ಮನೆಯ ವ್ಯಾಪಾರದ ಲೆಕ್ಕ ನೋಡೋಕೆ.

ಜಯನಗರ: ಸರಿ ಸ್ವಾಮಿ, ನೀವೂ ಅಡಿಕೆ ಮಾರಿ ಟ್ಯಾಲಿ ಕಟ್ಟಿ.

ಅಡ್ಮಿನ್: ವಿಷಯಕ್ಕೆ ಬನ್ನಿ.

ಉಡುಪಿ: ಮೇಡಂ, ಜೊತೆಗೆ ಕಂಪನಿ ಶುರು ಮಾಡಿದ ಗೆಳೆಯ ಬಿಟ್ಟು ಹೋಗ್ತಿದ್ದಾನೆ. ಕೋಡ್‌ನಲ್ಲಿ ಅರ್ಧ ತನ್ನದು ಅಂತಾನೆ. ಬರಹದಲ್ಲಿ ಏನೂ ಇಲ್ಲ. ಏನು ಮಾಡಲಿ?

ತುಮಕೂರು: ಜರ್ಮನಿ ಗಿರಾಕಿ, 11 ಲಕ್ಷ. ಜಿಎಸ್‌ಟಿ ಬೇಕಾ ಮೇಡಂ?

ಸಿಎ ಮೇಡಂ: ಮೈಸೂರಿನವರಿಗೆ ಹೇಳಿದ್ದೇ.

ಬಳ್ಳಾರಿ: ಎಲ್ಲರಿಗೂ ಉಪಯೋಗ ಆಗಲಿ 🙏 ಯುಪಿಐನಲ್ಲಿ ಹಣ ತಗೊಂಡರೆ ನೋಟಿಸ್ ಗ್ಯಾರಂಟಿ. ನಗದು ಮಾತ್ರ ತಗೊಳ್ಳಿ. 20 ಲಕ್ಷ ಹತ್ತಿರ ಬಂದರೆ ಹೆಂಡತಿ ಹೆಸರಲ್ಲಿ ಇನ್ನೊಂದು ಸಂಸ್ಥೆ ತೆರೆಯಿರಿ. ಹತ್ತು ಗ್ರೂಪಿಗೆ ಕಳಿಸಿ.

ಸಿಎ ಮೇಡಂ: ದಯವಿಟ್ಟು ಯಾರೂ ಇದನ್ನು ಮಾಡಬೇಡಿ. 2025ರ ಜುಲೈನಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್‌ನವರಿಗೆ ನೋಟಿಸ್ ಬಂದಾಗಿನಿಂದ ಈ ಮೆಸೇಜ್ ಓಡಾಡುತ್ತಿದೆ. ತೆರಿಗೆ ಬೀಳುವುದು ವಹಿವಾಟಿನ ಮೇಲೆ. ಯುಪಿಐ ಬರೀ ಲೆಕ್ಕ ತೋರಿಸಿತು. ಅದೇ ಕೋಡ್, ಅದೇ ಗಿರಾಕಿ, ಅದೇ ಮೇಜು ಇಟ್ಟುಕೊಂಡು ಎರಡು ಹೆಸರಲ್ಲಿ ಬಿಲ್ ಹಾಕಿದರೆ ಅಧಿಕಾರಿ ಅರ್ಧ ಗಂಟೆಯಲ್ಲಿ ಹಿಡಿಯುತ್ತಾರೆ. ಆಗ ನೋಟಿಸ್ ಹೆಂಡತಿಗೂ ಬರುತ್ತೆ. ಇದನ್ನು ಬರೆದವರು ಯಾರು, ನಿಮಗೆ ಗೊತ್ತಾ?

ಬಳ್ಳಾರಿ: ಬಂದಿದ್ದನ್ನು ಹಾಕಿದೆ ಮೇಡಂ. ಸಿಟ್ಟು ಯಾಕೆ?

ಹಾಸನ: ಪ್ರೈವೇಟ್ ಲಿಮಿಟೆಡ್ ಮಾಡಿದರೆ ತೆರಿಗೆ ಉಳಿಯುತ್ತಾ?

ಸಿಎ ಮೇಡಂ: ನಿಮ್ಮ ವಹಿವಾಟು ಸಣ್ಣದಾದರೆ ಖರ್ಚು ಜಾಸ್ತಿ. ಕಂಪನಿಗೆ ವಹಿವಾಟು ಎಷ್ಟೇ ಇರಲಿ ಪ್ರತಿ ವರ್ಷ ಆಡಿಟ್ ಆಗಬೇಕು. ಬಂದ ಹಣದ ಅರ್ಧವನ್ನು ಲಾಭ ಅಂತ ತೋರಿಸುವ, ನೀವೆಲ್ಲ 44ಎಡಿಎ ಅನ್ನುವ ಸೌಲಭ್ಯ ಕಂಪನಿಗೂ ಇಲ್ಲ, ಎಲ್‌ಎಲ್‌ಪಿಗೂ ಇಲ್ಲ.

ಕಲಬುರಗಿ: ಮೇಡಂ, ನಿಮ್ಮ ನಂಬರ್ ಕೊಡ್ರಿ.

ಸಿಎ ಮೇಡಂ: ಇಲ್ಲಿ ಹಾಕಲ್ಲ. ಗಿರಾಕಿ ಹಿಡಿಯಲು ಬಂದಿಲ್ಲ, ನಮ್ಮ ಸಿಎಗಳ ಸಂಸ್ಥೆಯ ನಿಯಮವೂ ಬಿಡಲ್ಲ. ನಿಮ್ಮೂರಿನ ಸಿಎ ನೋಡಿ.

ಮಂಡ್ಯ: ದುಬೈ ಗಿರಾಕಿ ಇದ್ರೆ ಜಿಎಸ್‌ಟಿ…

ಸಿಎ ಮೇಡಂ: ಮೇಲೆ.

ಮಂಡ್ಯ: ಒಂದು ಸಾಲು ಹೇಳಿದರೆ ಏನು ಕಳ್ಕೊತೀರಾ?

ಶಿರಸಿ: ಒಂದು ಸಾಲು ಓದಿದರೆ ನೀವೇನು ಕಳ್ಕೊತೀರಿ?

ಉಡುಪಿ: ನನ್ನ ಪ್ರಶ್ನೆ ಯಾರಾದರೂ ನೋಡಿದ್ರಾ?

ಜಯನಗರ: ಗೆಳೆಯನ ಜೊತೆ ಕಂಪನಿ ಮಾಡಬಾರದು ಅನ್ನೋದೇ ಉತ್ತರ.

ದಾವಣಗೆರೆ: ಮೇಡಂ, ಬಿಲ್ ಸಿಕ್ಕಿತು. ಎರಡರಲ್ಲಿ ಒಂದಕ್ಕೆ ಮಾತ್ರ ಜಿಎಸ್‌ಟಿ ನಂಬರ್ ಹಾಕಿಸಿದ್ದೆ. ಜಗಳದ ಬಿಲ್ ಜೂನ್‌ದು. ಜೂನ್ ಮೊದಲು ಕಟ್ಟಲಾ?

ಸಿಎ ಮೇಡಂ: ಆಗಲ್ಲ. ಏಪ್ರಿಲ್ ಬಿಟ್ಟು ಮೇ, ಮೇ ಬಿಟ್ಟು ಜೂನ್ ಪೋರ್ಟಲ್ ತೆಗೆಯಲ್ಲ. ಒಂದು ಬಿಲ್‌ನ ಕ್ರೆಡಿಟ್ 2ಬಿಯಲ್ಲಿ ಬಂದಿದೆಯಾ ನೋಡಿ, ಬಂದಿದ್ದರೆ ಅದನ್ನು ಕಳೆದು ಏಪ್ರಿಲ್‌ದು ನಾಳೆ ಕಟ್ಟಿ. ಇನ್ನೊಂದು ಬಿಲ್ ತಿದ್ದಿಕೊಡ್ತಾರಾ ಅಂತ ಅಂಗಡಿಯವರನ್ನು ಕೇಳಿ. ಮಂಡಿಯವರಿಗೆ ಫೋನ್ ಮಾಡಿ ತಾರೀಖು ಹೇಳಿ. ವಾಟ್ಸಾಪ್ ಮಾಡಬೇಡಿ, ಫೋನ್ ಮಾಡಿ.