ಲೈಸೋ ಸ್ಫಟಿಕ, ಎಸ್‌ಐಪಿಎಂ: 1275 ಕೆಇವಿ ಪೀಕ್ ಇರಬೇಕಾದ ಜಾಗದಲ್ಲಿ ಇಲ್ಲ

ಹೊಳಪು_511 ಕೇಳಿದ ಪ್ರಶ್ನೆ

ಸಣ್ಣ ಪ್ರಾಣಿಗಳ ಪೆಟ್ (ಪಾಸಿಟ್ರಾನ್ ಎಮಿಷನ್ ಟೊಮೊಗ್ರಫಿ) ಸ್ಕ್ಯಾನರ್‌ಗೆ ಬಳಸುವಂಥ ಡಿಟೆಕ್ಟರ್‌ನ ಒಂದೇ ಚಾನಲ್ ಜೋಡಿಸಿ ಪರೀಕ್ಷೆ ಮಾಡುತ್ತಿದ್ದೇನೆ. 3×3×20 ಮಿ.ಮೀ. ಲೈಸೋ ಸ್ಫಟಿಕ (ಗಾಮಾ ಬಿದ್ದರೆ ಬೆಳಕು ಕೊಡುವ, ಲುಟೀಷಿಯಂ ಇರುವ ಸ್ಫಟಿಕ), ಅದರ 3×3 ಮುಖಕ್ಕೆ ಹಮಾಮಾತ್ಸು ಎಸ್13360-3050 ಎಸ್‌ಐಪಿಎಂ (ಬೆಳಕು ಹಿಡಿಯುವ ಸಣ್ಣ ಸೆಲ್‌ಗಳ ಸಿಲಿಕಾನ್ ಚಿಪ್; 50 ಮೈಕ್ರಾನ್ ಪಿಚ್, 3600 ಮೈಕ್ರೋಸೆಲ್). ನಡುವೆ ಆಪ್ಟಿಕಲ್ ಗ್ರೀಸ್, ಸುತ್ತಲೂ ಟೆಫ್ಲಾನ್ ಟೇಪ್. ಓವರ್‌ವೋಲ್ಟೇಜ್ (ಸೆಲ್ ಹೊತ್ತಲು ಶುರುವಾಗುವ ಬ್ರೇಕ್‌ಡೌನ್ ವೋಲ್ಟೇಜ್‌ಗಿಂತ ಮೇಲೆ ಕೊಟ್ಟ ಬಯಾಸ್) 3 ವೋಲ್ಟ್. ಸಿಗ್ನಲ್ 50 ಓಮ್ ಮೇಲೆ ಬಿದ್ದು, ±5 ವೋಲ್ಟ್‌ನಲ್ಲಿ ನಡೆಯುವ 10 ಪಟ್ಟಿನ ಆಂಪ್ಲಿಫೈಯರ್ ದಾಟಿ ಡಿಜಿಟೈಸರ್‌ಗೆ ಹೋಗುತ್ತದೆ. ಅಲ್ಲಿ 300 ನ್ಯಾನೋಸೆಕೆಂಡ್ ಗೇಟ್‌ನಲ್ಲಿ ಚಾರ್ಜ್ ಕೂಡಿಸುತ್ತೇನೆ. ಬಯಾಸ್ ಲೈನಿನಲ್ಲಿ 10 ಕಿಲೋಓಮ್, 1 ನ್ಯಾನೋಫ್ಯಾರಡ್ ಫಿಲ್ಟರ್.

ತೊಂದರೆ ಮೂರು. ಸೋಡಿಯಂ-22 ಸೋರ್ಸ್ ಇಟ್ಟಾಗ 511 ಮತ್ತು 1275 ಕೆಇವಿ ಗಾಮಾಗಳ ಪೀಕ್‌ಗಳ ಅನುಪಾತ 2.5 ಬರಬೇಕು, ಬರುತ್ತಿರುವುದು 1.3. ಕೋಣೆ 4 ಡಿಗ್ರಿ ಬಿಸಿಯಾದರೆ 511ರ ಪೀಕ್ ಸುಮಾರು 9% ಕೆಳಗಿಳಿಯುತ್ತದೆ. ಸೋರ್ಸ್ ತೆಗೆದರೂ ಸೆಕೆಂಡಿಗೆ 50ರ ಆಸುಪಾಸು ಎಣಿಕೆ ಉಳಿಯುತ್ತದೆ. ಪೆಟ್ಟಿಗೆ ಮುಚ್ಚಿದ ಹೊಸತರಲ್ಲಂತೂ ಇನ್ನೂ ಜಾಸ್ತಿ. ಆದರೆ 511ರಲ್ಲಿ ರೆಸಲ್ಯೂಷನ್ (ಪೀಕ್‌ನ ಅಗಲ) ಮಾತ್ರ 8%, ಬಹಳ ಚೆನ್ನಾಗಿದೆ. ಎಲ್ಲಿಂದ ಶುರು ಮಾಡಲಿ?

ಎಣಿಕೆಮಣಿ

ಆ 8% ಅನ್ನು ಈಗಲೇ ನಂಬಬೇಡಿ. ಲೆಕ್ಕ ಹಾಕಿ ನೋಡೋಣ.

ಲೈಸೋದಿಂದ ಒಂದು ಎಂಇವಿಗೆ ಸುಮಾರು 30,000 ಫೋಟಾನ್. 511ಕ್ಕೆ 15,000ದಷ್ಟಾಯಿತು. ಇಷ್ಟು ಉದ್ದನೆಯ ಸ್ಫಟಿಕದಲ್ಲಿ ಅರ್ಧ ಬೆಳಕು ತುದಿ ಮುಟ್ಟುತ್ತದೆ ಎಂದುಕೊಳ್ಳಿ, ಎಸ್‌ಐಪಿಎಂನ ಪತ್ತೆ ದಕ್ಷತೆ 40%. ಅಂದರೆ 3000 ಸೆಲ್‌ಗಳನ್ನು ಹೊತ್ತಿಸುವಷ್ಟು ಬೆಳಕು, ಇರುವುದು 3600 ಸೆಲ್. ಒಂದೇ ಸೆಲ್‌ಗೆ ಎರಡು ಫೋಟಾನ್ ಬಿದ್ದರೂ ಅದು ಕೊಡುವುದು ಒಂದೇ ಪಲ್ಸ್. ಹಾಗಾಗಿ ನಿಜಕ್ಕೂ ಹೊತ್ತುವುದು 3600 × (1 − ಇ^(−3000/3600)), ಅಂದರೆ ಸುಮಾರು 2035. 1275ಕ್ಕೆ ಇದೇ ಲೆಕ್ಕ ಹಾಕಿದರೆ 3150. ಅನುಪಾತ 1.55ಕ್ಕೆ ಇಳಿಯಿತು. ಪಲ್ಸ್ ನಡೆಯುತ್ತಿರುವಾಗಲೇ ಕೆಲವು ಸೆಲ್‌ಗಳು ಚೇತರಿಸಿಕೊಳ್ಳುವುದರಿಂದ ವಾಸ್ತವದಲ್ಲಿ ಇದಕ್ಕಿಂತ ತುಸು ಮೇಲೇ ಇರಬೇಕು.

ನಿಮಗೆ ಬಂದಿರುವುದು 1.3. ಹಾಗಾದರೆ ಸೆಲ್ ಸ್ಯಾಚುರೇಷನ್ ಜೊತೆಗೆ ಇನ್ನೇನೋ ಸೇರಿಕೊಂಡಿದೆ, ಮತ್ತು ಅದು ನೀವು ಬರೆದ ಸರ್ಕ್ಯೂಟ್‌ನಲ್ಲೇ ಕಾಣುತ್ತಿದೆ.

ಈ ಎಸ್‌ಐಪಿಎಂನ ಗೇನ್ (ಒಂದು ಸೆಲ್ ಹೊತ್ತಿದಾಗ ಬರುವ ಎಲೆಕ್ಟ್ರಾನ್‌ಗಳ ಸಂಖ್ಯೆ) 17 ಲಕ್ಷ. 2035 ಸೆಲ್ ಅಂದರೆ ಸುಮಾರು 550 ಪಿಕೋಕೂಲಂಬ್. 60 ನ್ಯಾನೋಸೆಕೆಂಡಿನಲ್ಲಿ ಹರಿದರೆ 9 ಮಿಲಿಆಂಪಿಯರ್, 50 ಓಮ್ ಮೇಲೆ 0.45 ವೋಲ್ಟ್. ಇದನ್ನು 10 ಪಟ್ಟು ಮಾಡಿದರೆ ±5 ವೋಲ್ಟ್ ಆಂಪ್ಲಿಫೈಯರ್ ಗೋಡೆಗೆ ತಾಗುತ್ತದೆ. ಆಸಿಲೋಸ್ಕೋಪಿನಲ್ಲಿ ಪಲ್ಸಿನ ತಲೆ ನೋಡಿ: ಕತ್ತರಿಸಿದ ಹಾಗೆ ಚಪ್ಪಟೆಯಾಗಿದ್ದರೆ ತಪ್ಪು ಆಂಪ್ಲಿಫೈಯರ್‌ದು. ಸೆಲ್ ಸ್ಯಾಚುರೇಷನ್‌ನಲ್ಲಿ ತಲೆ ಚಪ್ಪಟೆಯಾಗುವುದಿಲ್ಲ, ಪಲ್ಸ್ ನಯವಾಗಿಯೇ ಇದ್ದು ಎತ್ತರ ಮಾತ್ರ ಕುಗ್ಗುತ್ತದೆ. ಲೈಸೋ ಜೊತೆ ನಿಮಗೆ ಆಂಪ್ಲಿಫೈಯರೇ ಬೇಡ, ನೇರವಾಗಿ ಡಿಜಿಟೈಸರ್‌ಗೆ ಕೊಡಿ.

ಎರಡನೆಯದು ಆ 1 ನ್ಯಾನೋಫ್ಯಾರಡ್. ಪಲ್ಸಿನ ಚಾರ್ಜ್ ಪೂರ್ತಿ ಬರುವುದು ಈ ಕೆಪಾಸಿಟರ್‌ನಿಂದ, 10 ಕಿಲೋಓಮ್ ಅಷ್ಟು ಬೇಗ ತುಂಬಿಕೊಡಲಾರದು. 550 ಪಿಕೋಕೂಲಂಬ್ ತೆಗೆದರೆ 0.55 ವೋಲ್ಟ್ ಕುಸಿತ! ಇರುವ 3 ವೋಲ್ಟ್ ಓವರ್‌ವೋಲ್ಟೇಜ್‌ನಲ್ಲಿ ಐದನೇ ಒಂದು ಭಾಗದಷ್ಟು ಪಲ್ಸ್ ಮುಗಿಯುವುದರೊಳಗೆ ಹೋಯಿತು. 100 ನ್ಯಾನೋಫ್ಯಾರಡ್ ಹಾಕಿ, 100 ವೋಲ್ಟ್ ರೇಟಿಂಗ್‌ನದು. ಎಕ್ಸ್7ಆರ್ ಬಗೆಯಾದರೆ ಡಿಸಿ ವೋಲ್ಟೇಜ್ ಕೆಳಗೆ ಅದರ ಕೆಪಾಸಿಟೆನ್ಸ್ ಕುಗ್ಗುತ್ತದೆ, ಆದ್ದರಿಂದ ಎರಡು ಸಮಾನಾಂತರ ಹಾಕುವುದು ಒಳ್ಳೆಯದು. 10 ಕಿಲೋಓಮ್ ಅನ್ನೂ 1 ಕಿಲೋಓಮ್‌ಗೆ ಇಳಿಸಿ: ಸೆಕೆಂಡಿಗೆ 10,000 ಪಲ್ಸ್ ಬಂದರೆ ಸರಾಸರಿ 5.5 ಮೈಕ್ರೋಆಂಪಿಯರ್, 10 ಕಿಲೋಓಮ್ ಮೇಲೆ 55 ಮಿಲಿವೋಲ್ಟ್ ನಷ್ಟ. ಎಣಿಕೆಯ ವೇಗ ಬದಲಾದಂತೆಲ್ಲ ಪೀಕ್ ಜಾರುತ್ತದೆ.

ಗಾಜುಕಣ್ಣು

ಸರ್ಕ್ಯೂಟ್ ಬಿಚ್ಚುವಾಗಲೇ ಸ್ಫಟಿಕದ ಜೋಡಣೆಯನ್ನೂ ನೋಡಿಬಿಡಿ. ಲೈಸೋದ ವಕ್ರೀಭವನಾಂಕ 1.82. ಗ್ರೀಸ್ ಇಲ್ಲದೆ ಗಾಳಿ ಸಿಕ್ಕಿಕೊಂಡರೆ 33 ಡಿಗ್ರಿಗಿಂತ ಓರೆಯಾಗಿ ಬಂದ ಬೆಳಕೆಲ್ಲ ಒಳಕ್ಕೇ ವಾಪಸ್. 1.465ರ ಗ್ರೀಸ್ ಇದ್ದರೆ ಈ ಮಿತಿ ಸುಮಾರು 54 ಡಿಗ್ರಿಗೆ ಏರುತ್ತದೆ.

ಆದರೆ ಗ್ರೀಸ್ ಜಾಸ್ತಿಯಾದರೆ ಕೆಡುಕೇ ಹೆಚ್ಚು. 3×3 ಮುಖಕ್ಕೆ ಗುಂಡುಸೂಜಿಯ ತಲೆಯಷ್ಟು ಸಾಕು. ಮೊದಲು ಎರಡೂ ಮುಖಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ನೂಲು ಬಿಡದ ಬಟ್ಟೆಯಲ್ಲಿ ಒರೆಸಿ, ಹನಿಯನ್ನು ನಡುವೆ ಇಟ್ಟು, ಸ್ಫಟಿಕವನ್ನು ಕೊಂಚ ತಿರುಗಿಸುತ್ತಾ ಒತ್ತಿ. ಆಮೇಲೆ ಮೇಲಿನ ತುದಿಯಿಂದ ಸ್ಫಟಿಕದೊಳಗೆ ಇಣುಕಿ ನೋಡಿ: ಎಸ್‌ಐಪಿಎಂನ ಮೈ ಒಂದೇ ಸಮ ಕಪ್ಪಾಗಿ ಕಾಣಬೇಕು. ಬೆಳ್ಳಿಯ ಚುಕ್ಕೆ ಹೊಳೆದರೆ ಅದು ಗಾಳಿಗುಳ್ಳೆ, ಬಿಚ್ಚಿ ಮತ್ತೆ ಮಾಡಿ. ಅಂಚಿನಿಂದ ಉಕ್ಕಿದ ಗ್ರೀಸ್ ಬದಿಗಳಿಗೆ ಏರಿ ಟೆಫ್ಲಾನ್ ನೆನೆಸಿದರೆ ಆ ಜಾಗ ಎಣ್ಣೆ ಕುಡಿದ ಕಾಗದದ ಹಾಗೆ ಅರೆಪಾರದರ್ಶಕವಾಗುತ್ತದೆ. ಸ್ಫಟಿಕ ಮತ್ತು ಟೇಪ್ ನಡುವಿನ ತೆಳು ಗಾಳಿಯ ಪದರವೂ ಹೋಗುತ್ತದೆ, ಪೂರ್ಣಾಂತರಿಕ ಪ್ರತಿಫಲನ ಅಲ್ಲೇ ಸಾಯುತ್ತದೆ. ಟೇಪ್ 3–4 ಸುತ್ತು, ಬಿಗಿಯಾಗಿ ಎಳೆಯದೆ. ಮೇಲಿನ ತುದಿಗೂ ಮುಚ್ಚಿಗೆ ಬೇಕು. ಟೆಫ್ಲಾನ್ ಬೆಳಕನ್ನು ತಡೆಯುವುದಿಲ್ಲವಾದ್ದರಿಂದ ಹೊರಗೆ ಕಪ್ಪು ಟೇಪ್.

ಪೆಟ್ಟಿಗೆ ಮುಚ್ಚಿದ ಹೊಸತರಲ್ಲಿ ಎಣಿಕೆ ಜಾಸ್ತಿ ಬರುವುದು ಸಹಜ. ಕೋಣೆಯ ಬೆಳಕು ಕುಡಿದ ಲೈಸೋ ಕತ್ತಲಲ್ಲೂ ಬಹಳ ಹೊತ್ತು ಮಿಣುಕುತ್ತಿರುತ್ತದೆ. ಒಂದು ರಾತ್ರಿ ಕತ್ತಲಲ್ಲಿಟ್ಟು ಆಮೇಲೆ ಅಳೆಯಿರಿ.

ಹೊಳಪು_511

ಪಲ್ಸಿನ ತಲೆ ಚಪ್ಪಟೆಯಾಗಿಯೇ ಇತ್ತು. ಆಂಪ್ಲಿಫೈಯರ್ ತೆಗೆದು, ಕೆಪಾಸಿಟರ್ ಬದಲಿಸಿದ ಮೇಲೆ ಅನುಪಾತ 1.6. ಉಳಿದದ್ದು ಸೆಲ್ ಸ್ಯಾಚುರೇಷನ್ ಎಂದು ಬಿಟ್ಟುಬಿಡಬಹುದೇ? ಪೆಟ್‌ಗೆ ಬೇಕಾಗಿರುವುದು 511 ಒಂದೇ ಅಲ್ಲವೇ?

ಎಣಿಕೆಮಣಿ

ಬಿಡಬಾರದು. ಪೀಕ್ 511ರದೇ ಆದರೂ ಎನರ್ಜಿ ವಿಂಡೋದ (ಎಣಿಕೆಗೆ ಒಪ್ಪುವ ಶಕ್ತಿಯ ವ್ಯಾಪ್ತಿಯ) ಕೆಳಗಿನ ಅಂಚು ಇಡುವುದು ಅದರ ಕೆಳಗೆ. 435 ಕೆಇವಿ ಬೇಕೆಂದು ಪೀಕ್‌ನ 85%ರಲ್ಲಿ ಗೆರೆ ಎಳೆದರೆ, ನಿಮ್ಮ ಬಾಗಿದ ಸ್ಕೇಲಿನಲ್ಲಿ ಆ ಗೆರೆ ನಿಜವಾಗಿ ಬೀಳುವುದು 402ರ ಹತ್ತಿರ. 34 ಡಿಗ್ರಿವರೆಗೆ ಚದುರಿದ ಗಾಮಾಗಳನ್ನು ಒಪ್ಪುವ ಬದಲು 43 ಡಿಗ್ರಿವರೆಗೆ ಒಪ್ಪಿದ ಹಾಗಾಯಿತು. ಚಿತ್ರದಲ್ಲಿ ಗೆಡ್ಡೆಯ ಸುತ್ತಲಿನ ಮಬ್ಬು ಹೆಚ್ಚುತ್ತದೆ.

ರೆಸಲ್ಯೂಷನ್ ಕಥೆಯೂ ಇದೇ. 511ರ ಬಳಿ ವಕ್ರರೇಖೆಯ ಇಳಿಜಾರು ಸರಾಸರಿಯ 0.64 ಪಟ್ಟು ಮಾತ್ರ. ಹಿಗ್ಗಬೇಕಾದ ಪೀಕ್ ಅಷ್ಟೇ ಕುಗ್ಗಿ ತೋರುತ್ತದೆ. ಸೆಲ್ ಸ್ಯಾಚುರೇಷನ್ ಒಂದನ್ನೇ ಲೆಕ್ಕಕ್ಕೆ ತೆಗೆದುಕೊಂಡರೂ 8% ಅಂದರೆ ನಿಜದಲ್ಲಿ 12.5%.

ಬೇರೆ ಎಸ್‌ಐಪಿಎಂ ಹಾಕುವುದಾದರೆ 25 ಮೈಕ್ರಾನ್ ಪಿಚ್‌ನದು: 14,400 ಸೆಲ್, ದಕ್ಷತೆ 25%ಕ್ಕೆ ಇಳಿದರೂ ಅನುಪಾತ 2.27ರ ಸುತ್ತ ಬರುತ್ತದೆ. ಇರುವುದರಲ್ಲೇ ಸರಿಮಾಡುವುದಾದರೆ ಮೇಲಿನ ಸೂತ್ರವನ್ನೇ ತಿರುಗಿಸಿ ಹೊಂದಿಸಿ. 3600 ಬದಲು ಸೆಲ್ ಸಂಖ್ಯೆಯನ್ನೂ ಬಿಡಿಸಬೇಕಾದ ಅಜ್ಞಾತವೆಂದೇ ಇಡಿ. ಸೀಸಿಯಂ-137ರ 662 ಸೇರಿಸಿದರೆ ಮೂರು ಬಿಂದು ಆಯಿತು. ಕೆಳಗಿನ ಬಿಂದುಗಳಿಗೆ ಪಕ್ಕದಲ್ಲಿ ಇನ್ನೊಂದು ದೊಡ್ಡ ಲೈಸೋ ತುಂಡು ಇಡಿ: ಅದರೊಳಗಿನ ವಿಕಿರಣಶೀಲ ಲುಟೀಷಿಯಂ-176 ಹೊರಬಿಡುವ 202 ಮತ್ತು 307 ಕೆಇವಿ ಗಾಮಾ ಪುಕ್ಕಟೆ ಸಿಗುತ್ತವೆ.

ತಾಪಮಾನದ ಮಾತು: ಈ ಎಸ್‌ಐಪಿಎಂನ ಬ್ರೇಕ್‌ಡೌನ್ ವೋಲ್ಟೇಜ್ ಡಿಗ್ರಿಗೆ 54 ಮಿಲಿವೋಲ್ಟ್ ಏರುತ್ತದೆ. 3 ವೋಲ್ಟ್‌ನಲ್ಲಿ ಅದು 1.8%, 4 ಡಿಗ್ರಿಗೆ 7%. ಜೊತೆಗೆ ಪತ್ತೆ ದಕ್ಷತೆ, ಕ್ರಾಸ್‌ಟಾಕ್ (ಹೊತ್ತಿದ ಸೆಲ್ ಪಕ್ಕದ್ದನ್ನೂ ಹೊತ್ತಿಸುವುದು) ಎರಡೂ ಇಳಿಯುತ್ತವೆ, ನಿಮ್ಮ 9% ಅಲ್ಲಿಗೆ ಹೊಂದುತ್ತದೆ. ಬಯಾಸ್ ಅನ್ನು ಡಿಗ್ರಿಗೆ 54 ಮಿಲಿವೋಲ್ಟ್‌ನಂತೆ ಏರಿಸುವ ಲೂಪ್ ಹಾಕಿ. ಸಂವೇದಕವನ್ನು ಎಸ್‌ಐಪಿಎಂನ ಬೆನ್ನಿಗೆ, ಬೋರ್ಡಿನ ತಾಮ್ರಕ್ಕೆ ತಾಗಿಸಿ ಇಡಿ. ಪೆಟ್ಟಿಗೆಯ ಗಾಳಿಯಲ್ಲಿಟ್ಟರೆ ಅದು ಹೇಳುವುದು ಬೇರೆಯದೇ ತಾಪಮಾನ.

ಗಾಜುಕಣ್ಣು

ಸೋರ್ಸ್ ಇಲ್ಲದಾಗಿನ 50 ಎಣಿಕೆಯೂ ಆ ಲುಟೀಷಿಯಂದೇ. ಒಂದು ಘನ ಸೆಂ.ಮೀ. ಲೈಸೋದಲ್ಲಿ ಸೆಕೆಂಡಿಗೆ 280ರಷ್ಟು ಕ್ಷಯ, ನಿಮ್ಮ 0.18 ಘನ ಸೆಂ.ಮೀ.ಗೆ 50 ಸರಿಯಾಗಿ ಬರುತ್ತದೆ. ಬೀಟಾದ ಗರಿಷ್ಠ ಶಕ್ತಿ 593 ಕೆಇವಿ ಆದ್ದರಿಂದ ಅದು 511ರ ಅಡಿಗೇ ಹಬ್ಬಿಕೊಳ್ಳುತ್ತದೆ, ಒಂಟಿ ಚಾನಲ್‌ನಲ್ಲಿ ಕತ್ತರಿಸಲಾಗದು. ಸೋರ್ಸ್ ಇಲ್ಲದೆ ಅಷ್ಟೇ ಹೊತ್ತು ಅಳೆದು ಕಳೆಯಿರಿ. ಎದುರಿಗೆ ಎರಡನೇ ಡಿಟೆಕ್ಟರ್ ಇಟ್ಟು ಕೋಇನ್ಸಿಡೆನ್ಸ್ (ಎರಡರಲ್ಲೂ ಒಟ್ಟಿಗೇ ಬಂದ ಎಣಿಕೆ ಮಾತ್ರ) ತೆಗೆದಾಗ ಬಹುಪಾಲು ತಾನಾಗಿ ಹೋಗುತ್ತದೆ, ಏಕೆಂದರೆ ದಾಟಿಹೋಗುವ 202 ಅಥವಾ 307 ವಿಂಡೋದ ಕೆಳಗೇ ಉಳಿಯುತ್ತದೆ. ಎರಡೂ ಗಾಮಾ ಎದುರಿನ ಒಂದೇ ಸ್ಫಟಿಕದಲ್ಲಿ ಸಿಕ್ಕಿಬಿದ್ದರೆ ಮೊತ್ತ 509 ಆಗಿ ವಿಂಡೋದೊಳಗೇ ಬರುತ್ತದೆ. ಇಷ್ಟು ಸಣ್ಣ ಸ್ಫಟಿಕಗಳಲ್ಲಿ ಅದು ಅಪರೂಪ. ದೊಡ್ಡ ಬ್ಲಾಕ್‌ಗಳನ್ನು ಹತ್ತಿರ ಇಟ್ಟಾಗ ಮಾತ್ರ ಸೋರ್ಸ್ ಇಲ್ಲದ ಕೋಇನ್ಸಿಡೆನ್ಸ್ ಎಣಿಕೆಯನ್ನೂ ಒಮ್ಮೆ ತೆಗೆದಿಟ್ಟುಕೊಳ್ಳಿ.