ದೊಡ್ಡ ದಾನಿ ಮುಳುಗಿದರೆ ದಾನ ಪಡೆದವರ ಗತಿ ಏನು? ದತ್ತಿ ಸಂಸ್ಥೆಗಳ ಆಡಿಟರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ: ಮೇಡಂ, ‘ಎಫೆಕ್ಟಿವ್ ಆಲ್ಟ್ರುಯಿಸಂ’ ಚಳವಳಿಯವರು ಪ್ರತಿ ದಾನಕ್ಕೂ ಲೆಕ್ಕ ಹಾಕೋರು, ಯಾವ ಹಣದಿಂದ ಎಷ್ಟು ಜೀವ ಉಳಿಯುತ್ತೆ ಅಂತ ಅಳೆಯೋರು. ಅಂಥವರಿಗೆ ತಮ್ಮ ದೊಡ್ಡ ದಾನಿ, 2022ರಲ್ಲಿ ಮುಳುಗಿದ ಎಫ್‌ಟಿಎಕ್ಸ್ ಅನ್ನೋ ಕ್ರಿಪ್ಟೊ ವಿನಿಮಯ ಕಂಪನಿ ಕಟ್ಟಿದ ಸ್ಯಾಮ್ ಬ್ಯಾಂಕ್‌ಮನ್-ಫ್ರೈಡ್ ವಂಚಕ ಅಂತ ಮೊದಲೇ ತಿಳಿಯಲಿಲ್ವಾ?

ಉತ್ತರ: ಗ್ರಾಹಕರ ಹಣ ಒಳಗೊಳಗೇ ಸೋರುತ್ತಿದ್ದದ್ದು ಹೊರಗಿನವರಿಗೆ ಕಾಣೋದು ಕಷ್ಟವಿತ್ತು. ಸಿಕೋಯಾದಂಥ ಹೂಡಿಕೆ ಸಂಸ್ಥೆಯೇ ಎಫ್‌ಟಿಎಕ್ಸ್‌ನಲ್ಲಿ 20 ಕೋಟಿ ಡಾಲರ್‌ಗೂ ಹೆಚ್ಚು ಕಳೆದುಕೊಂಡಿತು. ಹಾಗಾಗಿ ಅದಕ್ಕೆ ನಾನು ಅವರನ್ನು ದೂರಲ್ಲ.

ನನ್ನ ತಕರಾರು ಬೇರೆ. ಆತ ಹೊರಗಿನಿಂದ ಚೆಕ್ ಹಿಡಿದು ಬಂದ ದಾನಿಯಲ್ಲ, ಅವರ ಮನೆಯಲ್ಲೇ ಬೆಳೆದ ಹುಡುಗ. ಎಂಐಟಿಯಲ್ಲಿ ಓದುತ್ತಿದ್ದಾಗ ಅವನಿಗೆ ‘ಚೆನ್ನಾಗಿ ಸಂಪಾದಿಸಿ ದಾನ ಮಾಡು, ಅದೇ ದೊಡ್ಡ ಸೇವೆ’ ಎಂಬ ದಾರಿ ತೋರಿಸಿದವರು ಚಳವಳಿಯ ಸ್ಥಾಪಕರಲ್ಲೊಬ್ಬರಾದ ವಿಲಿಯಂ ಮೆಕ್ಯಾಸ್ಕಿಲ್. 2017ರಲ್ಲಿ ಆತ ಅವರದೇ ಸಂಸ್ಥೆಯಲ್ಲಿ ಕೆಲವು ಕಾಲ ಕೆಲಸ ಮಾಡಿದ. ಅದೇ ವರ್ಷ ಅವನ ಕ್ರಿಪ್ಟೊ ವಹಿವಾಟು ಸಂಸ್ಥೆ ಅಲಮೀಡಾ ರಿಸರ್ಚ್ ಶುರುವಾಯಿತು, 2019ರಲ್ಲಿ ಎಫ್‌ಟಿಎಕ್ಸ್. ಅವನು ಶತಕೋಟ್ಯಧಿಪತಿಯಾದಾಗ ಅವರ ವಾದವೇ ಗೆದ್ದ ಹಾಗಾಯಿತು. ಮನೆಮಗನ ಜಾತಕ ಯಾರು ಕೆದಕುತ್ತಾರೆ ಹೇಳಿ!

ಸುಳಿವು ಇರಲೇ ಇಲ್ಲ ಅಂತಲ್ಲ. 2018ರಲ್ಲೇ ಅಲಮೀಡಾದಿಂದ ಹಲವರು ಜಗಳ ಮಾಡಿಕೊಂಡು ಹೊರನಡೆದಿದ್ದರು. ಆತನ ನಡವಳಿಕೆ ಬಗ್ಗೆ ಚಳವಳಿಯ ಮುಂದಾಳುಗಳಿಗೆ ಎಚ್ಚರಿಕೆ ಹೋಗಿತ್ತು ಎಂದು 2023ರಲ್ಲಿ ‘ಟೈಮ್’ ಪತ್ರಿಕೆ ವರದಿ ಮಾಡಿತು. ವಂಚನೆಯ ಸುಳಿವಲ್ಲ ಅದು, ‘ಈ ಮನುಷ್ಯನ ಜೊತೆ ಹುಷಾರು’ ಅನ್ನುವ ಮಾತು. ದಾನಿಯ ಬಗ್ಗೆ ಅಷ್ಟು ಸಾಕು, ಅಂತರ ಕಾಯ್ದುಕೊಳ್ಳೋಕೆ.

ಪ್ರಶ್ನೆ: ಅಂತರ ಅಂದರೆ? ಹಣ ಬೇಡ ಅನ್ನಬೇಕಿತ್ತಾ?

ಉತ್ತರ: ಹಣ ತಗೊಳ್ಳಲಿ, ಆದರೆ ಕುರ್ಚಿಗಳು ಬೇರೆ ಬೇರೆ ಇರಲಿ. 2022ರ ಫೆಬ್ರವರಿಯಲ್ಲಿ ಎಫ್‌ಟಿಎಕ್ಸ್ ಫ್ಯೂಚರ್ ಫಂಡ್ ಎಂಬ ದಾನ ನಿಧಿಯ ಘೋಷಣೆಯಾಯಿತು, ಆ ವರ್ಷ ಕಡಿಮೆಯೆಂದರೂ 10 ಕೋಟಿ ಡಾಲರ್ ಹಂಚುತ್ತೇವೆ ಎಂದರು. ಆ ನಿಧಿಯ ಮುಖ್ಯಸ್ಥರು ಆಗ ಎಫೆಕ್ಟಿವ್ ವೆಂಚರ್ಸ್ ಎಂಬ ಬ್ರಿಟಿಷ್ ದತ್ತಿ ಸಂಸ್ಥೆಯ ಟ್ರಸ್ಟಿಯೂ ಆಗಿದ್ದರು. ಮೆಕ್ಯಾಸ್ಕಿಲ್ ಕೂಡ ಆ ಸಂಸ್ಥೆಯಲ್ಲಿ ಟ್ರಸ್ಟಿ, ಈ ನಿಧಿಗೆ ಸಲಹೆಗಾರ ಆಗಿದ್ದರು. ಆ ಸಂಸ್ಥೆಗೂ ಎಫ್‌ಟಿಎಕ್ಸ್ ಬಳಗದ ಹಣ ಬಂತು. ಕೊಡುವ ಕಡೆಯೂ ಅವರೇ, ಪಡೆಯುವ ಕಡೆಯೂ ಅವರೇ. ನಾನು ಆಡಿಟ್‌ಗೆ ಹೋದರೆ ಮೊದಲು ಕೇಳೋದು ಸಭೆಯ ನಡಾವಳಿ ಪುಸ್ತಕ: ಈ ದಾನದ ವಿಷಯ ಬಂದಾಗ ಸಂಬಂಧಪಟ್ಟವರು ಎದ್ದು ಹೊರಗೆ ಹೋದರಾ? ಕುಸಿತದ ನಂತರ ಬ್ರಿಟನ್ನಿನ ಚಾರಿಟಿ ಕಮಿಷನ್ ವಿಚಾರಣೆ ಆರಂಭಿಸಿದಾಗ ಹಿತಾಸಕ್ತಿ ಸಂಘರ್ಷದ ಪ್ರಶ್ನೆಯೂ ಅದರಲ್ಲಿತ್ತು.

ಪ್ರಶ್ನೆ (ಇನ್ನೊಬ್ಬರು): ದಾನವಾಗಿ ಬಂದಿದ್ದನ್ನು ವಾಪಸ್ ಕೇಳಬಹುದಾ ಮೇಡಂ? ಖರ್ಚಾಗಿ ಹೋಗಿದ್ದರೆ?

ಉತ್ತರ: ಕೇಳಬಹುದು, ಕೇಳಿದರು ಕೂಡ. ಅಮೆರಿಕದ ದಿವಾಳಿ ಕಾನೂನಿನಲ್ಲಿ ಅರ್ಜಿ ಹಾಕುವ ಹಿಂದಿನ ಎರಡು ವರ್ಷಗಳಲ್ಲಿ ಮೋಸದ ಉದ್ದೇಶದಿಂದಲೋ ಪ್ರತಿಫಲವಿಲ್ಲದೆಯೋ ಕೈಬಿಟ್ಟುಹೋದ ಹಣವನ್ನು ಬಾಕಿ ಬರಬೇಕಾದವರ ಪರವಾಗಿ ಹಿಂದೆ ಪಡೆಯಲು ಅವಕಾಶವಿದೆ. ಎಫ್‌ಟಿಎಕ್ಸ್ ಅರ್ಜಿ ಹಾಕಿದ್ದು 2022ರ ನವೆಂಬರ್ 11ಕ್ಕೆ. ಸರಕು ಮಾರಿದ ವ್ಯಾಪಾರಿ ‘ನಾನು ಬೆಲೆಗೆ ತಕ್ಕದ್ದು ಕೊಟ್ಟೆ’ ಅನ್ನಬಹುದು. ದಾನ ಪಡೆದವರು ದಾನಿಗೆ ಏನೂ ಕೊಟ್ಟಿರೋದಿಲ್ಲ, ಅಲ್ಲೇ ಸಿಕ್ಕಿಬೀಳೋದು. ನೀವು ಒಳ್ಳೆಯವರಾಗಿದ್ದರಷ್ಟೇ ಸಾಲದು. ವ್ಯಕ್ತಿಗಳು ಕೊಡುವ ಸಣ್ಣ ದಾನಗಳಿಗೆ 1998ರ ಕಾಯ್ದೆಯಿಂದ ಒಂದಿಷ್ಟು ರಕ್ಷಣೆ ಇದೆ, ಕಂಪನಿ ಕೊಟ್ಟಿದ್ದಕ್ಕೆ ಇಲ್ಲ. ಎಫೆಕ್ಟಿವ್ ವೆಂಚರ್ಸ್ ಕೊನೆಗೆ ಸುಮಾರು 2.7 ಕೋಟಿ ಡಾಲರ್ ಹಿಂದಿರುಗಿಸಲು ಒಪ್ಪಿತು.

ಹೆಚ್ಚು ಪೆಟ್ಟು ತಿಂದವರು ಇನ್ನೊಂದು ಗುಂಪು: ಮಾತು ಸಿಕ್ಕಿತ್ತು, ಹಣ ಬಂದಿರಲಿಲ್ಲ. ಅರ್ಜಿಯ ಹಿಂದಿನ ದಿನ ಫ್ಯೂಚರ್ ಫಂಡ್‌ನ ತಂಡ ಸಾಮೂಹಿಕವಾಗಿ ರಾಜೀನಾಮೆ ಕೊಟ್ಟು, ಒಪ್ಪಿದ ಅನುದಾನಗಳಲ್ಲಿ ಅನೇಕವನ್ನು ಕೊಡಲಾಗದು ಎಂದು ಬರೆಯಿತು. ಅದನ್ನು ನಂಬಿ ಕೆಲಸ ಬಿಟ್ಟು ಬಂದವರ ಸ್ಥಿತಿ ನೀವೇ ಊಹಿಸಿ.

ಪ್ರಶ್ನೆ: ಒಬ್ಬ ಕೆಟ್ಟವನಿಂದ ಇಡೀ ಚಳವಳಿಯನ್ನು ಜರಿಯೋದು ಅತಿಯಾಯ್ತು. ಸೊಳ್ಳೆ ಪರದೆ ಹಂಚಿ ಮಕ್ಕಳನ್ನು ಉಳಿಸಿದ್ದು ಸುಳ್ಳಾ?

ಉತ್ತರ: ಸುಳ್ಳಲ್ಲ, ಸರ್. ಆ ಕೆಲಸ ನಿಂತಿದ್ದೇ ಇವನ ಹಣದ ಮೇಲಲ್ಲ. ದತ್ತಿ ಸಂಸ್ಥೆಗಳನ್ನು ಅಳೆದು ಯಾರಿಗೆ ಕೊಡಬೇಕೆಂದು ಹೇಳುವ ಗಿವ್‌ವೆಲ್ 2007ರಿಂದಲೇ ಇದೆ, ಆದಾಯದ ಶೇ 10 ಕೊಡುವ ಪ್ರತಿಜ್ಞೆ 2009ರಿಂದ. ಫ್ಯೂಚರ್ ಫಂಡ್ ಒಲವು ಕೃತಕ ಬುದ್ಧಿಮತ್ತೆ, ಮಹಾಮಾರಿ ತಡೆಯಂಥ ದೂರದ ಅಪಾಯಗಳ ಕಡೆಗಿತ್ತು.

ಆದರೆ ಒಳ್ಳೆಯ ದಾನಿ ಇದ್ದರೆ ಚಿಂತೆಯಿಲ್ಲ ಅನ್ನೋದನ್ನು ನಾನು ಒಪ್ಪಲ್ಲ. ಚಳವಳಿಯ ಅತಿ ದೊಡ್ಡ ಆಸರೆ ಆಗಲೂ ಈಗಲೂ ಫೇಸ್‌ಬುಕ್ ಸಹಸ್ಥಾಪಕ ಡಸ್ಟಿನ್ ಮಾಸ್ಕೊವಿಟ್ಸ್ ಮತ್ತು ಅವರ ಪತ್ನಿ ಕಾರಿ ಟೂನಾ. ಅವರ ಹಣ ಹಂಚುವ ಓಪನ್ ಫಿಲಾಂತ್ರಪಿ 2025ರಲ್ಲಿ ಕೋಎಫಿಶಿಯೆಂಟ್ ಗಿವಿಂಗ್ ಎಂದು ಹೆಸರು ಬದಲಿಸಿಕೊಂಡಿತು. ಅವರ ಮೇಲೆ ಯಾವ ಆರೋಪವೂ ಇಲ್ಲ. ಆದರೂ 2024ರಲ್ಲಿ ಅವರು ಕೆಲವು ಕ್ಷೇತ್ರಗಳಿಂದ ಹಿಂದೆ ಸರಿದಾಗ ಅಲ್ಲಿದ್ದವರು ಪರದಾಡಿದರು. ಯಾರೂ ಮೋಸ ಮಾಡಲಿಲ್ಲ, ದಾನಿಯ ಮನಸ್ಸು ಬದಲಾಯಿತು ಅಷ್ಟೇ.

ಪ್ರಶ್ನೆ: ನಮ್ಮ ಪುಟ್ಟ ಸಂಸ್ಥೆಗೂ ಅಂಥ ಒಬ್ಬರು ಸಿಗೋ ಹಾಗಿದೆ. ಏನು ಮಾಡಲಿ?

ಉತ್ತರ: ಖುಷಿಪಡಿ ಮೊದಲು! ಆಮೇಲೆ, ಬ್ಯಾಂಕಿಗೆ ಬಂದ ಹಣವನ್ನು ಮಾತ್ರ ಬಜೆಟ್‌ಗೆ ಸೇರಿಸಿ. ದಾನಿಯ ಕಡೆಯವರನ್ನು ಟ್ರಸ್ಟಿ ಮಾಡಬೇಡಿ, ಮಾಡಲೇಬೇಕಾದರೆ ಅವರ ಹಣದ ಚರ್ಚೆಗೆ ಕೂರಿಸಬೇಡಿ. ಕರಪತ್ರದಲ್ಲಿ ಫೋಟೊ ಹಾಕೋ ಮುಂಚೆ ಎರಡು ಸಲ ಯೋಚಿಸಿ.

ಪ್ರಶ್ನೆ: ಆಪದ್ಧನ ಎಷ್ಟು ತಿಂಗಳಿನದ್ದು ಇಟ್ಟುಕೊಳ್ಳಬೇಕು?

ಉತ್ತರ: ನೌಕರರ ಒಪ್ಪಂದ, ಬಾಡಿಗೆ ಕರಾರು ತೆಗೆದು ನೋಡಿ. ನಾಳೆ ಒಂದು ಪೈಸೆಯೂ ಬರದಿದ್ದರೆ ಎಲ್ಲರ ಬಾಕಿ ತೀರಿಸಿ ಬಾಗಿಲು ಹಾಕೋಕೆ ಎಷ್ಟು ಕಾಲ ಬೇಕೋ ಕನಿಷ್ಠ ಅಷ್ಟು.