ಮೆತ್ತಗೆ ಹಲ್ಲುಜ್ಜುವುದು ಹೇಗೆ? ನಿಮ್ಮ ಅನುಭವ ಹೇಳಿ

ಪ್ರಶ್ನೆ: ತಣ್ಣೀರು ಕುಡಿದರೆ ಮೇಲಿನ ಸಾಲಿನ ಎಡಗಡೆ ಕೋರೆಹಲ್ಲು ಜುಮ್ಮೆನ್ನುತ್ತದೆ. ಅಲ್ಲಿ ಒಸಡು ಸ್ವಲ್ಪ ಮೇಲಕ್ಕೆ ಸರಿದಂತಿದೆ. ದಿನಕ್ಕೆ ಎರಡು ಸಲ ಗಟ್ಟಿಯಾಗಿ ಉಜ್ಜುತ್ತೇನೆ, ಆದರೂ ಹೀಗೆ. ಯಾರಿಗಾದರೂ ಆಗಿದೆಯಾ?

ಉತ್ತರ: ನನಗೂ ಅದೇ ಹಲ್ಲು! ವೈದ್ಯರು ನೋಡಿದ ತಕ್ಷಣ ಕೇಳಿದ್ದು, "ಬಲಗೈಯಲ್ಲಿ ಉಜ್ಜುತ್ತೀರಿ ಅಲ್ವಾ?" ಬಲಗೈಯವರಲ್ಲಿ ಎಡಗಡೆಗೇ ಜೋರು ಬೀಳುವುದು ಜಾಸ್ತಿಯಂತೆ. ಕೋರೆಹಲ್ಲು ಸಾಲಿನ ತಿರುವಿನಲ್ಲಿ ಕೊಂಚ ಮುಂದೆ ಇರುತ್ತದೆ, ಹಾಗಾಗಿ ತಿಕ್ಕಾಟವೆಲ್ಲ ಅದಕ್ಕೇ. ಒಸಡು ಸರಿದಾಗ ಹಲ್ಲಿನ ಬೇರು ಹೊರಗೆ ಕಾಣುತ್ತದೆ. ಬೇರಿನ ಮೇಲೆ ಎನಾಮಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ಇರುವುದಿಲ್ಲ, ತಣ್ಣೀರು ತಾಗಿದರೆ ಜುಮ್ಮೆನ್ನುವುದು ಅದಕ್ಕೇ. ಸರಿದ ಒಸಡು ತಾನಾಗಿ ವಾಪಸ್ ಬೆಳೆಯುವುದಿಲ್ಲ ಎಂದಾಗ ನಿಜಕ್ಕೂ ಸಂಕಟವಾಯಿತು. ಇನ್ನಷ್ಟು ಸರಿಯದಂತೆ ತಡೆಯುವುದು ಮಾತ್ರ ನಮ್ಮ ಕೈಯಲ್ಲಿದೆ.

ನನಗೆ ಎಲ್ಲಕ್ಕಿಂತ ಉಪಯೋಗವಾಗಿದ್ದು ಹಿಡಿತ ಬದಲಿಸಿದ್ದು. ಮುಷ್ಟಿಯಲ್ಲಿ ಹಿಡಿಯುತ್ತಿದ್ದ ಬ್ರಷ್ಷನ್ನು ಈಗ ಪೆನ್ನಿನ ಹಾಗೆ ಬೆರಳಲ್ಲಿ ಹಿಡಿಯುತ್ತೇನೆ. ಹಾಗೆ ಹಿಡಿದರೆ ಜೋರು ಹಾಕಬೇಕೆಂದರೂ ಆಗುವುದಿಲ್ಲ. ಸಾಫ್ಟ್ ಬ್ರಷ್ ತಗೊಳ್ಳಿ. ಹಲ್ಲು ಒಸಡು ಸೇರುವ ಗೆರೆಗೆ 45 ಡಿಗ್ರಿ ಓರೆಯಾಗಿ ಇಟ್ಟು, ಅಲ್ಲೇ ಸಣ್ಣಗೆ ಅಲುಗಿಸಿ, ಆಮೇಲೆ ಹಲ್ಲಿನ ತುದಿಯ ಕಡೆಗೆ ಗುಡಿಸಿ. ದಿನಾ ಹಲ್ಲಿಗೆ ಅಂಟುವ ಪದರ ಮೆತ್ತಗೇ ಇರುತ್ತದೆ. ತಳ ಹಿಡಿದ ಪಾತ್ರೆ ತಿಕ್ಕುವ ಬಲ ಅದಕ್ಕೆ ಬೇಡ, 2 ನಿಮಿಷದ ತಾಳ್ಮೆ ಬೇಕು. ಮೊದಲು ನನ್ನ ಬ್ರಷ್ ಒಂದೇ ತಿಂಗಳಿಗೆ ಹಳೇ ಪೊರಕೆಯಂತೆ ಕೆದರುತ್ತಿತ್ತು. ಈಗ ಮೂರು ತಿಂಗಳಾದರೂ ಎಳೆಗಳು ನೆಟ್ಟಗಿರುತ್ತವೆ.

ಇನ್ನೊಬ್ಬರು: ಉಜ್ಜುವಾಗ ಒಸಡಿನಲ್ಲಿ ರಕ್ತ ಬರುವವರಿಗೆ ಒಂದು ಮಾತು. ನಮ್ಮಮ್ಮ ರಕ್ತ ಕಂಡ ಜಾಗ ಬಿಟ್ಟು ಉಳಿದ ಕಡೆ ಉಜ್ಜುತ್ತಿದ್ದರು. ಅದು ಇನ್ನೂ ಜಾಸ್ತಿಯಾಯಿತು. ಹಲ್ಲಿಗೆ ಗಾರೆ (ಗಟ್ಟಿಯಾದ ಕೊಳೆ) ಕಟ್ಟಿ ಒಸಡು ಊದಿಕೊಂಡಿತ್ತು. ಕ್ಲೀನಿಂಗ್ ಮಾಡಿಸಿ, ಇದ್ದಿಲು ಪುಡಿ ಬಿಟ್ಟು, ಫ್ಲೋರೈಡ್ ಪೇಸ್ಟಿನಲ್ಲಿ ಅದೇ ಜಾಗವನ್ನು ದಿನವೂ ಮೆತ್ತಗೆ ಉಜ್ಜಿದರು. ಎರಡು ವಾರಕ್ಕೆ ರಕ್ತ ನಿಂತಿತು. ನಿಲ್ಲದೇ ಇದ್ದರೆ ದಯವಿಟ್ಟು ತೋರಿಸಿ, ಸುಮ್ನೆ ಕಾಯಬೇಡಿ.

ಮತ್ತೊಬ್ಬರು: ನಿಂಬೆ ಪಾನಕ ಕುಡಿದ ಕೂಡಲೇ ಉಜ್ಜಬೇಡಿ. ಹುಳಿಗೆ ಎನಾಮಲ್ ಮೆತ್ತಗಾಗಿರುತ್ತದೆ. ನೀರು ಮುಕ್ಕಳಿಸಿ, ಅರ್ಧ ಗಂಟೆ ಬಿಡಿ.

ಪ್ರಶ್ನೆ ಕೇಳಿದವರು: ಈಗಷ್ಟೇ ಹೋಗಿ ನನ್ನ ಬ್ರಷ್ ನೋಡಿದೆ. ತಂದು ಒಂದೂವರೆ ತಿಂಗಳಾಗಿಲ್ಲ, ಎಳೆಗಳೆಲ್ಲ ಎರಡೂ ಕಡೆ ಬಾಗಿವೆ. ಇವತ್ತೇ ಸಾಫ್ಟ್ ಬ್ರಷ್ ತರುತ್ತೇನೆ. ಶನಿವಾರ ವೈದ್ಯರಿಗೂ ತೋರಿಸುತ್ತೇನೆ.